ಔಷಧಿಯಿಲ್ಲದೆ ಹೋದ ನಾರುಹುಣ್ಣು

ಬಿ.ಫಾರ್ಮ ಓದುವವರಿಗೆ ಎಂಟನೇ ಸೆಮಿಸ್ಟರಿನಲ್ಲಿ 'ಸೋಶಿಯಲ್ ಅಂಡ್ ಪ್ರಿವೆಂಟಿವ್ ಫಾರ್ಮಸಿ' ಅಂತ ಒಂದು ವಿಷಯ ಬರುತ್ತದೆ. ರೋಗ ಬಂದ ಮೇಲೆ ಏನು ಕೊಡಬೇಕು ಅಂತ ಏಳು ಸೆಮಿಸ್ಟರ್ ಓದಿ ಸುಸ್ತಾದ ಹುಡುಗರಿಗೆ, ರೋಗ ಬರದ ಹಾಗೆ ಏನು ಮಾಡಬೇಕು ಅಂತ ಕೊನೆಗೊಮ್ಮೆ ಹೇಳುವ ಪಾಠ. ಕಾಲರಾ, ಮಲೇರಿಯಾ, ಡೆಂಗೆ, ಆನೆಕಾಲು... ಹೀಗೆ ಪಟ್ಟಿ ಇದೆ. ನಾನು ಪಾಠ ಮಾಡುವ ಪಠ್ಯಕ್ರಮದ ಪ್ರತಿಯಲ್ಲಿ ಅದೇ ಪಟ್ಟಿಯ ನಡುವೆ 'ಚಿಕನ್ ಗಿನಿ' ಅಂತ ಒಂದು ರೋಗವೂ ಇದೆ :-) ಚಿಕೂನ್‌ಗುನ್ಯಾ ಅಂತ ಓದಿಕೊಳ್ಳಿ. ಆಫ್ರಿಕಾದ ಮಕೊಂಡೆ ಭಾಷೆಯ ಆ ಪದಕ್ಕೂ ಕೋಳಿಗೂ ಯಾವ ಸಂಬಂಧವೂ ಇಲ್ಲ.

ಇದನ್ನು ಓದುತ್ತಿದ್ದಾಗ ಟಿಕೋಟಾ ಕಡೆಯ ಒಬ್ಬ ಹುಡುಗ ಎದ್ದು ನಿಂತ. "ಸರ್, ಗಿನಿ ವರ್ಮ್ ಅಂತಾರಲ್ರೀ, ಅದ ಕೋಳಿಗೆ ಬಂದ್ರ ಚಿಕನ್ ಗಿನಿ ಏನ್ರೀ?" ಕ್ಲಾಸಿನಲ್ಲಿ ನಗೆಯೋ ನಗೆ. ನಾನೂ ನಕ್ಕೆ. ಆಮೇಲೆ ಸುಮ್ಮನೆ ಕೇಳಿದೆ, "ಗಿನಿ ವರ್ಮ್ ಅಂದ್ರ ಏನು, ಯಾರಾದ್ರೂ ಹೇಳ್ರಿ ನೋಡೋಣು." ಅರವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ, ಗೊತ್ತಿರುವುದಾದರೂ ಹೇಗೆ? "ನಿಮ್ಮ ಮನ್ಯಾಗ ಮುತ್ಯಾ ಅದಾರೇನು? ಇದ್ರ, ನಾರುಹುಣ್ಣು ಅಂದ್ರ ಏನು ಅಂತ ಕೇಳಿ ಬಾ" ಅಂತ ಆ ಹುಡುಗನಿಗೆ ಹೇಳಿ ಕಳಿಸಿದೆ.

ಮರುದಿನ ಬಂದವನ ಮುಖವೇ ಬೇರೆ ಇತ್ತು. ಅವರ ಮುತ್ಯಾಗೆ ಎರಡು ಸಲ ಆಗಿತ್ತಂತೆ. ಧೋತರ ಸರಿಸಿ ಹಿಮ್ಮಡಿಯ ಮೇಲಿನ ಕಲೆ ತೋರಿಸಿದರಂತೆ. ಮುತ್ಯಾ ಹೇಳಿದ್ದನ್ನು ಹುಡುಗ ಹಾಗೇ ಒಪ್ಪಿಸಿದ: "ಅದಕ್ಕ ಔಷಧ ಎಲ್ಲಿತ್ತೋ ತಮ್ಮಾ? ಗುಳ್ಳಿ ಒಡದು ಹುಳದ ತುದಿ ಹೊರಗ ಬಂದಕೂಡ್ಲೆ ಕಡ್ಡಿಗೆ ಸುತ್ತೂದು, ಕಾಲ ಚಾಚಿ ಕುಂಡ್ರೂದು. ದಿನಾ ಒಂದ ಬೆಟ್ಟಿನಷ್ಟ ಬರತಿತ್ತು. ಅವಸರ ಮಾಡಿ ಜಗ್ಗಿದ್ರ ಹರೀತಿತ್ತು. ಹರೀತಂದ್ರ ಮುಗೀತು, ಕಾಲ ಬಾತು ಗಡಿಗಿ ಆಗತಿತ್ತು."

ಒಂದೇ ಮನೆ, ಒಂದೇ ಕಟ್ಟೆ. ಅಜ್ಜನ ಕಾಲಿಂದ ಮೊಳಕ್ಕಿಂತ ಉದ್ದದ ಹುಳ ಹೊರಬಂದಿದೆ, ಔಷಧಿ ಶಾಸ್ತ್ರ ಓದುವ ಮೊಮ್ಮಗನಿಗೆ ಅದರ ಹೆಸರೂ ಗೊತ್ತಿಲ್ಲ. ಒಂದು ರೋಗ ಪೂರ್ತಿ ಹೋಯಿತು ಅಂದರೆ ಹೀಗೇ ಇರುತ್ತದೇನೋ. ಆದರೆ ಅದು ಹೇಗೆ ಹೋಯಿತು ಅನ್ನೋದೂ ಅದರ ಜೊತೆಗೇ ಮರೆತು ಹೋದರೆ ಸ್ವಲ್ಪ ಕಷ್ಟ. ಅದಕ್ಕೇ ಈ ಬರಹ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಹೆಸರಿನ ಕತೆ. ನಮ್ಮಲ್ಲಿ ನಾರುಹುಣ್ಣು, ಮರಾಠಿಯಲ್ಲಿ ನಾರೂ. ಸಂಸ್ಕೃತದ ವೈದ್ಯ ಗ್ರಂಥಗಳಲ್ಲಿ ಸ್ನಾಯುಕ. ಪಾರಸಿಯಲ್ಲಿ ರಿಶ್ತಾ, ಅಂದರೆ ದಾರ. ಎಲ್ಲರ ಕಣ್ಣಿಗೂ ಅದು ನಾರಿನ ಹಾಗೆ, ದಾರದ ಹಾಗೆಯೇ ಕಂಡಿದೆ. ಅರಬರು ಮದೀನಾದ ನರ ಅಂದರು, ಅದೇ ಶಾಸ್ತ್ರೀಯ ಹೆಸರಿನಲ್ಲಿ ಉಳಿದು 'ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್' ಆಯಿತು. ಗಿನಿ ಅನ್ನೋದು ಪಶ್ಚಿಮ ಆಫ್ರಿಕಾದ ಕರಾವಳಿ. ಯುರೋಪಿನ ನಾವಿಕರು ಅಲ್ಲಿ ಈ ರೋಗ ಕಂಡು ಆ ಹೆಸರು ಅಂಟಿಸಿದರು. ತಮಾಷೆ ಅಂದರೆ ನಮ್ಮ ಹುಡುಗರು ಗಿನಿ ಅಂದರೆ ಆಫ್ರಿಕಾದ ರೋಗ ಅಂದುಕೊಳ್ಳುತ್ತಾರೆ. ಅದು ನಮ್ಮ ಓಣಿಯಲ್ಲೇ ಇತ್ತು ಮಾರಾಯ್ರೇ!

ಹುಳದ ಬದುಕು ವಿಚಿತ್ರ. ಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಚಿಕ್ಕ ಜೀವಿ ಇರುತ್ತದೆ. ಸಾಸಿವೆಗಿಂತ ಸಣ್ಣದು, ಬಿಸಿಲಿಗೆ ಹಿಡಿದ ಲೋಟದಲ್ಲಿ ಚುಕ್ಕೆ ಓಡಾಡಿದ ಹಾಗೆ ಕಂಡೀತು. ಹುಳದ ಮರಿಗಳನ್ನು ಅದು ತಿನ್ನುತ್ತದೆ, ಎರಡು ವಾರದಲ್ಲಿ ಮರಿ ಅದರ ಹೊಟ್ಟೆಯಲ್ಲೇ ಬಲಿಯುತ್ತದೆ. ಆ ನೀರನ್ನು ನಾವು ಸೋಸದೆ ಕುಡಿದರೆ ಸೈಕ್ಲಾಪ್ಸ್ ನಮ್ಮ ಜಠರದಲ್ಲಿ ಸಾಯುತ್ತದೆ, ಮರಿ ಸಾಯುವುದಿಲ್ಲ. ಕರುಳು ಕೊರೆದು ಮೈಯೊಳಗೆ ಇಳಿಯುತ್ತದೆ. ಗಂಡು ಹುಳ ಕೂಡಿದ ಮೇಲೆ ಸತ್ತುಹೋಗುತ್ತದೆ. ಹೆಣ್ಣು ಮಾತ್ರ ಚರ್ಮದ ಅಡಿಯಲ್ಲಿ ಬೆಳೆಯುತ್ತಾ ಬೆಳೆಯುತ್ತಾ ಮೀಟರಿನಷ್ಟು ಉದ್ದ ಆಗುತ್ತದೆ. ಹೆಚ್ಚಾಗಿ ಕಾಲಿನ ಕಡೆಗೆ ಇಳಿಯುತ್ತದೆ. ಇಷ್ಟೆಲ್ಲ ಆಗಲು ಸುಮಾರು ಒಂದು ವರ್ಷ. ಅಷ್ಟು ದಿನ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿ. ಉರಿಗೆ ತಂಪು ಬೇಕಲ್ಲ? ಮನುಷ್ಯ ಹೋಗಿ ನೀರಿನಲ್ಲಿ ಕಾಲು ಇಡುತ್ತಾನೆ. ಹುಳ ಕಾಯುತ್ತಿದ್ದುದೂ ಅದಕ್ಕೇ. ನೀರು ತಾಗಿದ ಕೂಡಲೇ ಗುಳ್ಳೆ ಒಡೆದು ಮರಿಗಳನ್ನು ಲಕ್ಷಗಟ್ಟಲೆ ನೀರಿಗೆ ಬಿಡುತ್ತದೆ. ಅಲ್ಲಿ ಸೈಕ್ಲಾಪ್ಸ್ ಇದ್ದೇ ಇದೆ. ಮತ್ತೆ ಮೊದಲಿನಿಂದ.

ಈ ಒಂದು ವರ್ಷದ ಅಂತರ ನೋಡಿ, ಅದೇ ಇದರ ಬೆರಕಿತನ. ಹೋದ ಬೇಸಿಗೆಯಲ್ಲಿ ಕುಡಿದ ನೀರಿಗೂ ಈ ಬೇಸಿಗೆಯ ಗುಳ್ಳೆಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತದೆ? ದೇವರ ಶಾಪ ಅಂದರು, ಉಷ್ಣ ಅಂದರು, ರಕ್ತ ಕೆಟ್ಟಿದೆ ಅಂದರು. ಅವರನ್ನು ನೋಡಿ ನಗುವ ಹಾಗಿಲ್ಲ.

ಇದು ಸಾಮಾನ್ಯವಾಗಿ ಕೊಲ್ಲುವ ರೋಗ ಅಲ್ಲ. ಬಹುಶಃ ಅದಕ್ಕೇ ಇತಿಹಾಸದ ಪುಸ್ತಕಗಳು ಇದನ್ನು ಲೆಕ್ಕಕ್ಕೆ ಇಟ್ಟಿಲ್ಲ. ವಿಜಾಪುರದ ರೋಗದ ಇತಿಹಾಸ ಅಂದರೆ ಎಲ್ಲರೂ ಹೇಳುವುದು 1688-89ರ ಮಹಾಮಾರಿಯನ್ನು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ, ಎರಡು ವರ್ಷಕ್ಕೆ ಅವನ ದಂಡಿನಲ್ಲೇ ಪ್ಲೇಗು ಹೊಕ್ಕಿತು. ಅವನ ಪತ್ನಿ ಔರಂಗಾಬಾದಿ ಮಹಲ್ ತೀರಿಕೊಂಡಳು, ಸೇನಾಪತಿ ಫಿರೋಜ್ ಜಂಗ್ ಕಣ್ಣು ಕಳೆದುಕೊಂಡ. ರಾಣಿ ಸತ್ತರೆ ಬರೆಯಲು ಬಖೈರು ಬರೆಯುವವರು ಇದ್ದರು. ಬಿತ್ತುವ ಹೊತ್ತಿಗೆ ರೈತನೊಬ್ಬ ಕಾಲಿಗೆ ಕಡ್ಡಿ ಕಟ್ಟಿಕೊಂಡು ಒಂದೆರಡು ತಿಂಗಳು ಮೂಲೆಯಲ್ಲಿ ಬಿದ್ದರೆ ಯಾರು ಬರೆಯಬೇಕು? ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇಲ್ಲ. ಮೈಯಲ್ಲಿ ತಡೆಯುವ ಶಕ್ತಿ ಹುಟ್ಟುವುದೇ ಇಲ್ಲ, ವರ್ಷ ವರ್ಷವೂ ಬರಬಹುದು. ಒಂದು ಮನೆಯಲ್ಲಿ ದುಡಿಯುವವರಿಗೆಲ್ಲ ಒಟ್ಟಿಗೆ ಬಂದರೆ ಆ ವರ್ಷದ ಹೊಲ ಬೀಳೇ.

ಅಂದ ಹಾಗೆ, ಇತಿಹಾಸಕಾರ ಫಿರಿಷ್ತಾ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಇಲ್ಲೇ ವಿಜಾಪುರದಲ್ಲಿದ್ದವನು. ಅವನು ಬರೀ ರಾಜರ ಕತೆ ಬರೆಯಲಿಲ್ಲ, ಭಾರತದ ವೈದ್ಯಪದ್ಧತಿ, ಮೂಲಿಕೆ, ಪಥ್ಯಗಳ ಬಗ್ಗೆ ಪಾರಸಿಯಲ್ಲಿ 'ದಸ್ತೂರ್-ಉಲ್-ಅತಿಬ್ಬಾ' ಎಂಬ ಗ್ರಂಥವನ್ನೂ ಬರೆದ. ನಮ್ಮ ಫಾರ್ಮಸಿ ಹುಡುಗರು ಗೋಲಗುಮ್ಮಟದಲ್ಲಿ ಕೂಗಿ ಬರುತ್ತಾರೆ, ತಮ್ಮ ಶಾಸ್ತ್ರದ ಒಬ್ಬ ಹಿರಿಯ ಇದೇ ಊರಲ್ಲಿ ಕೂತು ಬರೆದಿದ್ದ ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಇರಲಿ, ಅದು ಇನ್ನೊಂದು ದಿನದ ಮಾತು.

ಈಗ ಬಾವಿಗೆ ಬರೋಣ. ಮೇಲೆ ಹೇಳಿದ ಹುಳದ ಚಕ್ರದಲ್ಲಿ ಒಂದು ಜಾಗ ಗಮನಿಸಿ. ಹುಳ ಉಳಿಯಬೇಕಾದರೆ ಕುಡಿಯುವ ನೀರಿಗೆ ಮನುಷ್ಯನ ಕಾಲು ತಾಗಲೇಬೇಕು. ಕಟ್ಟೆ ಇರುವ, ಮೇಲೆ ನಿಂತು ಹಗ್ಗದಿಂದ ಸೇದುವ ಬಾವಿಯಲ್ಲಿ ಕಾಲು ತಾಗುವುದಿಲ್ಲ. ಹರಿಯುವ ಹೊಳೆಯಲ್ಲಿ ತಾಗಿದರೂ ಮರಿಗಳು ಕೊಚ್ಚಿಹೋಗುತ್ತವೆ. ನಿಂತ ನೀರು ಬೇಕು, ಅದರೊಳಗೆ ಇಳಿಯಲು ಪಾವಟಿಗೆ ಬೇಕು. ಅಂದರೆ ಮೆಟ್ಟಿಲು ಬಾವಿ.

ನಮ್ಮ ಊರಿನ ಹೆಮ್ಮೆಯೇ ಮೆಟ್ಟಿಲು ಬಾವಿ! 1579ರ ಚಾಂದ್ ಬಾವಡಿ, ಒಂದನೇ ಅಲಿ ಆದಿಲ್‌ಶಾಹ ಚಾಂದಬೀಬಿಯ ಹೆಸರಲ್ಲಿ ಕಟ್ಟಿಸಿದ್ದು. 1620ರ ಸುಮಾರಿನ ತಾಜ್ ಬಾವಡಿ, ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲ್ ಕಟ್ಟಿದ್ದು. ಎರಡು ಎಂಟುಮೂಲೆಯ ಗೋಪುರ, ನಡುವೆ ಆ ದೊಡ್ಡ ಕಮಾನು, ಕೆಳಗೆ ಹಸಿರು ನೀರು. 1565ರ ಯುದ್ಧದ ನಂತರ ಊರು ಬೆಳೆಯುತ್ತಾ ಹೋಯಿತು, ಬಂದವರಿಗೆಲ್ಲ ನೀರು ಬೇಕಿತ್ತು. ಆ ನೀರು ಕೊಟ್ಟ ಕೆಲಸ ದೊಡ್ಡದು, ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಪಯಣಿಗರು ಇಳಿದು ಮುಖ ತೊಳೆದು, ಕಾಲು ತೊಳೆದು, ಅಲ್ಲೇ ಬೊಗಸೆಯಲ್ಲಿ ನೀರು ಕುಡಿದು ದಣಿವಾರಿಸಿಕೊಳ್ಳಲಿ ಅಂತಲೇ ಪಾವಟಿಗೆ ಇಡುತ್ತಿದ್ದರು. ಸೌಜನ್ಯದ ಕಟ್ಟಡ ಅದು. ಹಳ್ಳಿಗಳಲ್ಲಿ ಗೌಡರೋ, ಮಠವೋ, ಯಾರೋ ಪುಣ್ಯವಂತರೋ ಅದರ ಚಿಕ್ಕ ನಕಲು ಕಟ್ಟಿಸಿದರು. ಆ ಸೌಜನ್ಯವೇ ಹುಳಕ್ಕೂ ಅನುಕೂಲ ಆಯಿತು.

ಇದೇ ವಿಜಾಪುರದಲ್ಲಿ ಇದಕ್ಕೆ ತದ್ವಿರುದ್ಧ ಪದ್ಧತಿಯೂ ಇತ್ತು ಅನ್ನೋದು ಇನ್ನೂ ಸ್ವಾರಸ್ಯ. ಊರಿಂದ ಟಿಕೋಟಾ ದಾರಿ ಹಿಡಿದರೆ ತೊರವಿ ಸಿಗುತ್ತದೆ. ಎರಡನೇ ಇಬ್ರಾಹಿಂ ನವರಸಪುರ ಕಟ್ಟಲು ಹೊರಟದ್ದು ಇದರ ಪಕ್ಕದಲ್ಲೇ. ಅಲ್ಲಿ ಸುರಂಗ ಬಾವಡಿ ಇದೆ. ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಬೆಳಕಿಗೆ ಬಾವಿಯಂಥ ಕಿಂಡಿ ಬಿಟ್ಟು, ನೀರನ್ನು ಊರ ಕಡೆಗೆ ಹರಿಸಿದ ಕರೇಜ್ ಪದ್ಧತಿ. ಆಮೇಲೆ 1651ರಲ್ಲಿ ಮಹಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ಬಂತು. ನಡುನಡುವೆ ಗಂಜ್ ಅನ್ನುವ ಗೋಪುರಗಳು, ನೀರಿನ ಒತ್ತಡ ಇಳಿಸಲು, ಹೂಳು ತಳಕ್ಕೆ ಕೂರಲು. ಸುರಂಗದಲ್ಲಿ ಹರಿದು, ಕೊಳವೆಯಲ್ಲಿ ಬಂದು, ಕಾರಂಜಿಗೂ ಮನೆಗೂ ಬೀಳುವ ನೀರಿನಲ್ಲಿ ಯಾರು ಕಾಲಿಡುತ್ತಾರೆ? ಸೈಕ್ಲಾಪ್ಸಿನ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಅದನ್ನು ಸೋಲಿಸುವ ವ್ಯವಸ್ಥೆ ಕೋಟೆಯೊಳಗೆ ಇತ್ತು. ಟಿಕೋಟಾ ಬಬಲೇಶ್ವರದ ಹಳ್ಳಿಗಳಿಗೆ ಸುರಂಗ ಯಾರು ಕೊರೆಯುತ್ತಾರೆ ಹೇಳಿ? ಅಂಥ ಕಡೆ ಇಳಿದು ತುಂಬುವ ಬಾವಿಯೇ ಗತಿ. (2020ರ ಪಟ್ಟಿಯಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರು ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿದಾಗ ಈ ಸುರಂಗ ಬಾವಡಿಯ ಹೆಸರು ಪೇಪರಿನಲ್ಲಿ ಬಂದಿತ್ತು. ಟಿಕೋಟಾ ಕಡೆ ಹೋಗುವವರು ಒಂದು ಗಳಿಗೆ ನಿಂತು ನೋಡಿ.)

ಬಬಲೇಶ್ವರದ ಕಡೆ ಇನ್ನೊಂದು ತೊಡಕು, ಡೋಣಿ ನದಿ. ಡೋಣಿ ಹರಿದರೆ ಓಣೆಲ್ಲ ಕಾಳು ಅನ್ನುತ್ತಾರೆ ನಮ್ಮ ಮಂದಿ, ಆ ಎರೆಭೂಮಿಯ ಜೋಳ ಅಂಥದ್ದು. ಆದರೆ ಡೋಣಿಯ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ಸಾರವಾಡದ ಹತ್ತಿರ ಸೇತುವೆ ದಾಟುವಾಗ ನೀರು ಕಾಣುತ್ತದೆ, ಕುಡಿಯಲು ಬರುವುದಿಲ್ಲ. ನದೀ ದಂಡೆಯ ಎಷ್ಟೋ ಕಡೆ ಬಾವಿಗಳೂ ಸವಳೇ. ಇಂಥಲ್ಲಿ ಸಿಹಿನೀರಿನ ಬಾವಿ ಒಂದು ಇದ್ದರೆ ಇಡೀ ಊರು ಅದಕ್ಕೇ ಮುಗಿಬೀಳುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಕಟ್ಟಕಡೆಯ ಪಾವಟಿಗೆವರೆಗೂ ಹೋಗಿ ತಂಬಿಗೆಯಿಂದ ಕೊಡ ತುಂಬಬೇಕು. ಮಾರ್ಚಿಯಿಂದ ಮಳೆಗಾಲದ ಮೊದಲವರೆಗೆ, ನೀರು ಕಡಿಮೆ ಇದ್ದಷ್ಟೂ ಸೈಕ್ಲಾಪ್ಸ್ ದಟ್ಟ. ಹೋದ ವರ್ಷ ಕುಡಿದವರ ಕಾಲಲ್ಲಿ ಗುಳ್ಳೆ ಏಳುವುದೂ ಅದೇ ತಿಂಗಳುಗಳಲ್ಲಿ. ಎಷ್ಟು ಕರಾರುವಾಕ್ಕು ನೋಡಿ ಈ ಹುಳದ ಪಂಚಾಂಗ!

ಇದನ್ನೆಲ್ಲ ಕಂಡುಹಿಡಿದವರು ಯಾರು? ಸೈಕ್ಲಾಪ್ಸಿನ ಕೈವಾಡ ಮೊದಲು ಗುರುತಿಸಿದ್ದು ರಷ್ಯದ ಫೆಡ್ಚೆಂಕೊ, 1870ರಲ್ಲಿ, ತುರ್ಕಿಸ್ತಾನದಲ್ಲಿ. ಮರಿ ಹೊತ್ತ ಸೈಕ್ಲಾಪ್ಸ್ ಕುಡಿದರೆ ಮನುಷ್ಯನಿಗೆ ರೋಗ ಬರುತ್ತದೆ ಅಂತ 1913ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಮುಂಬಯಿಯ ಡಾ. ತುರ್ಖುಡ್. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು.

ಮುಂದಿನ ಹೆಜ್ಜೆ ನಮ್ಮ ನಾಡಿನದೇ, ಹಳೇ ಮೈಸೂರಿನದು. 1930ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿ ಎಂಬ ವಿಜ್ಞಾನಿ ನಾರುಹುಣ್ಣಿನ ಹಿಂದೆ ಬಿದ್ದರು. ಜಿಲ್ಲೆಯ ಮೆಟ್ಟಿಲು ಬಾವಿಗಳನ್ನು ಅಭ್ಯಾಸ ಮಾಡಿ 1932ರಲ್ಲಿ 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಬರೆದರು. ಆಮೇಲೆ ರಾಕ್‌ಫೆಲರ್ ಫೌಂಡೇಶನ್ನಿನ ಡಬ್ಲ್ಯು. ಸಿ. ಸ್ವೀಟ್ ಅವರ ಜೊತೆ ಸೇರಿ ಇನ್ನೊಂದು ಉಪಾಯ ಮಾಡಿದರು: ಬಾವಿಗೆ ಮೀನು ಬಿಡುವುದು. ನಮ್ಮ ಕೆರೆಗಳಲ್ಲಿ ಸಿಗುವ ಸಣ್ಣ ಜಾತಿಯ ಮೀನುಗಳೇ, ಅವಕ್ಕೆ ಸೈಕ್ಲಾಪ್ಸ್ ಅಂದರೆ ಹಬ್ಬದೂಟ. 1936ರಲ್ಲಿ ಅದರ ವರದಿ ಅಚ್ಚಾಯಿತು. ಬಾವಿ ಮುಚ್ಚಬೇಕಿಲ್ಲ, ಯಾರ ನಂಬಿಕೆಗೂ ಪೆಟ್ಟಿಲ್ಲ, ಖರ್ಚೂ ಇಲ್ಲದಷ್ಟೇ. ಇಷ್ಟು ಚಂದದ ಕೆಲಸ ಕನ್ನಡ ನೆಲದಲ್ಲಿ ನಡೆದದ್ದು ನಮ್ಮ ಯಾವ ಪಠ್ಯದಲ್ಲೂ ನಾನು ನೋಡಿಲ್ಲ. ಇವರಿಬ್ಬರು ನಾಯಿಗಳಿಗೂ ಈ ಹುಳ ಹತ್ತುತ್ತದೋ ಅಂತ ಪ್ರಯೋಗ ಮಾಡಿ 1938ರಲ್ಲಿ ಬರೆದಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನೀರು ಸೋಸುವ ಉಪಾಯ ಇನ್ನೂ ಹಳೆಯದು. ಜೈನರು ಜೀವಹಿಂಸೆ ಆಗಬಾರದು ಅಂತ ನೀರನ್ನು ಮಡಿಸಿದ ಅರಿವೆಯಲ್ಲಿ ಸೋಸಿಯೇ ಕುಡಿಯುತ್ತಾರೆ. ನಮ್ಮ ಭಾಗದಲ್ಲಿ ಜೈನ ಮನೆತನಗಳು ಸಾಕಷ್ಟಿವೆ. ಸೈಕ್ಲಾಪ್ಸ್ ಅರಿವೆಯ ಮೇಲೇ ಉಳಿಯುತ್ತದೆ, ಅಷ್ಟೇ ಸಾಕು. ಸೈಕ್ಲಾಪ್ಸಿನ ಜೀವ ಉಳಿಸಲು ಹುಟ್ಟಿದ ಆಚಾರ ಮನುಷ್ಯನ ಕಾಲನ್ನೂ ಉಳಿಸಿತು ಅಂತ ಓದಿದಾಗ ನನಗಂತೂ ಖುಷಿ ಆಯಿತು.

ಇಷ್ಟೆಲ್ಲ ಗೊತ್ತಿದ್ದೂ ರೋಗ ಮಾತ್ರ ಮತ್ತೆ ಐವತ್ತು ವರ್ಷ ಹಾಯಾಗಿ ಇತ್ತು. ಗೊತ್ತಿರುವುದು ಬೇರೆ, ಮಾಡುವುದು ಬೇರೆ. ಕೇಂದ್ರ ಸರಕಾರ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರು ಮಾಡಿದ್ದು 1983-84ರಲ್ಲಿ, ದಿಲ್ಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯ ಉಸ್ತುವಾರಿಯಲ್ಲಿ. ಆಗಿನ ಲೆಕ್ಕ: 7 ರಾಜ್ಯ, 89 ಜಿಲ್ಲೆ, ಸುಮಾರು 12,800 ಹಳ್ಳಿ, ಸುಮಾರು 40,000 ರೋಗಿಗಳು. ಕರ್ನಾಟಕದ ಪಾಲು ಹೆಚ್ಚಾಗಿ ಉತ್ತರದ ಒಣ ಜಿಲ್ಲೆಗಳದ್ದು, ಬಾಗಲಕೋಟೆಯೂ ಸೇರಿದ್ದ ಅಂದಿನ ಅಖಂಡ ವಿಜಾಪುರ ಜಿಲ್ಲೆಯೂ ಅದರಲ್ಲಿತ್ತು.

ಅವರ ಕೈಯಲ್ಲಿ ಏನಿತ್ತು? ಲಸಿಕೆ ಇಲ್ಲ. ಔಷಧಿ ಇಲ್ಲ. ಇಲ್ಲಿ ನಮ್ಮ ಹುಡುಗರು ಕಿವಿ ನೆಟ್ಟಗೆ ಮಾಡಬೇಕು. ನಿರಿಡಜೋಲ್ ಕೊಟ್ಟು ನೋಡಿದ್ದರು, ಥಯಾಬೆಂಡಜೋಲ್ ಕೊಟ್ಟಿದ್ದರು, ಮೆಟ್ರೊನಿಡಜೋಲ್ ಕೂಡ. ಬಾವು ಸ್ವಲ್ಪ ಇಳಿದು ಹುಳ ಎಳೆಯಲು ಸಲೀಸಾಗುತ್ತಿತ್ತು, ಅಷ್ಟೇ. ಮೈಯೊಳಗಿನ ಹುಳ ಸಾಯುತ್ತಿರಲಿಲ್ಲ. ಕೀವಾಗದ ಹಾಗೆ ಪಟ್ಟಿ, ಆಂಟಿಬಯಾಟಿಕ್, ಧನುರ್ವಾಯುವಿಗೆ ಇಂಜೆಕ್ಷನ್... ಔಷಧಿ ಅಂಗಡಿಯಿಂದ ಹೋಗಬಹುದಾದದ್ದು ಇಷ್ಟೇ. ಸಾವಿರಾರು ವರ್ಷದಿಂದ ಇದ್ದ ಕಡ್ಡಿಗೆ ಪರ್ಯಾಯ ಇಪ್ಪತ್ತನೇ ಶತಮಾನದ ಕೊನೆಗೂ ಸಿಗಲಿಲ್ಲ.

ಹಾಗಾಗಿ ಅವರು ರೋಗಿಯನ್ನು ಬಿಟ್ಟು ಬಾವಿಗೆ ಚಿಕಿತ್ಸೆ ಕೊಟ್ಟರು. ಆರೋಗ್ಯ ಕಾರ್ಯಕರ್ತರು ವರ್ಷಕ್ಕೆ ಹಲವು ಸಲ ಮನೆಮನೆಗೆ ಹೋಗಿ ಹುಳದ ಚಿತ್ರ ತೋರಿಸಿ, ಯಾರಿಗಾದರೂ ಆಗಿದೆಯಾ ಅಂತ ಕೇಳಿದರು. ಆಗಿದ್ದರೆ ಪಟ್ಟಿ ಕಟ್ಟಿ, ನೀರಿಗಿಳಿಯಬೇಡಿ ಅಂತ ಹೇಳಿ ಬಂದರು. ನುಣುಪು ಜಾಲರಿಯ ಸೋಸು ಅರಿವೆ ಹಂಚಿದರು. ಕೊಳವೆ ಬಾವಿ ಕೊರೆದು ಕೈಪಂಪು ಹಾಕಿದರು. ಪಾವಟಿಗೆಗಳನ್ನು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಡಗಡಿ ಹಾಕಿ ಮೆಟ್ಟಿಲು ಬಾವಿಯನ್ನು ಸೇದುವ ಬಾವಿ ಮಾಡಿದರು. ಮಾಡಲಾಗದ ಕಡೆ ನೀರಿಗೆ ಟೆಮೆಫಾಸ್ ಬಿಟ್ಟರು. ಇದೂ ಆರ್ಗನೋಫಾಸ್ಫೇಟೇ, ಅಟ್ರೊಪಿನ್ ಪಾಠದಲ್ಲಿ ವಿಷ ಅಂತ ಓದುತ್ತೇವಲ್ಲ, ಅದೇ ಮನೆತನ. ಆದರೆ ಪ್ರಮಾಣ ಒಂದು ಪಿಪಿಎಂ, ಲೀಟರಿಗೆ ಒಂದು ಮಿಲಿಗ್ರಾಂ. ಲಕ್ಷ ಲೀಟರಿನ ಬಾವಿಗೆ ನೂರು ಗ್ರಾಂ ಮೂಲವಸ್ತು. ಸೈಕ್ಲಾಪ್ಸ್ ಸಾಯುತ್ತದೆ, ಕುಡಿಯುವವರಿಗೆ ಅಪಾಯವಿಲ್ಲ. ಕೆಲವು ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಕಡ್ಡಿಗೆ ಹಗ್ಗ ಕಟ್ಟಿ ಬಾವಿಯ ಆಳ ಅಳೆದು, ಅಗಲ ಅಳೆದು, ಗುಣಿಸಿ ಡೋಸು ಹಾಕುವುದು... ಇಡೀ ಬಾವಿಯೇ ರೋಗಿ ಆದಾಗ ಡೋಸಿನ ಲೆಕ್ಕ ಹೇಗಿರುತ್ತದೆ ಅಂತ ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಮಾತ್ರೆ ಲೆಕ್ಕಕ್ಕಿಂತ ಅದರಲ್ಲಿ ಹುಡುಗರಿಗೆ ಮಜಾ ಬಂತು.

ಇಷ್ಟೇ. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು. ಸಿಡುಬಿನ ನಂತರ ನಮ್ಮ ದೇಶದಿಂದ ಹೊರಹಾಕಿದ ಎರಡನೇ ರೋಗ ಇದು. ಪೋಲಿಯೋಗಿಂತ ಹದಿನಾಲ್ಕು ವರ್ಷ ಮೊದಲು. ಆದರೂ ಪೋಲಿಯೋ ಹನಿ ಎಲ್ಲರಿಗೂ ಗೊತ್ತು, ಇದು ಯಾರಿಗೂ ಗೊತ್ತಿಲ್ಲ. ಹನಿಗೆ ಫೋಟೋ ಬರುತ್ತದೆ. ಬಾವಿಯ ಪಾವಟಿಗೆ ಮುಚ್ಚಿದ ಗಾರೆಯವನ ಫೋಟೋ ಯಾರು ತೆಗೆಯುತ್ತಾರೆ?

ನನಗೆ ಇದರಲ್ಲಿ ಬಹಳ ಹಿಡಿಸುವ ಮಾತು ಒಂದಿದೆ. ಸೈಕ್ಲಾಪ್ಸ್ ಇನ್ನೂ ಇದೆ! ನಿಮ್ಮೂರ ಬಾವಿಯಲ್ಲಿ, 2010ರ ದಶಕದಲ್ಲಿ ಕೃಷ್ಣೆಯಿಂದ ನೀರೆತ್ತಿ ತುಂಬಿಸಿದ ಬಬಲೇಶ್ವರ ಕಡೆಯ ಮಮದಾಪುರದ ದೊಡ್ಡ ಕೆರೆಯಲ್ಲಿ, ನಿಂತ ಸಿಹಿನೀರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಆ ಜಾತಿ ಈಜಾಡುತ್ತಿರುತ್ತದೆ. ನೀರು ಪರಿಶುದ್ಧ ಆಗಿ ರೋಗ ಹೋಗಲಿಲ್ಲ. ನಮ್ಮ ನೀರು ಇಂದಿಗೂ ಪರಿಶುದ್ಧವೇನಲ್ಲ, ಬೇಸಿಗೆ ಬಂತೆಂದರೆ ವಾಂತಿಭೇದಿಯ ಸುದ್ದಿ ಬಂದೇ ಬರುತ್ತದೆ. ಹುಳದ ಸರಪಳಿಯಲ್ಲಿ ಕಾಲು ಮತ್ತು ನೀರಿನ ನಡುವಿನ ಕೊಂಡಿ ಒಂದನ್ನು ನಾಲ್ಕಾರು ವರ್ಷ ಬಿಡದೆ ಕತ್ತರಿಸಿದರು, ಹುಳಕ್ಕೆ ಇರಲು ಬೇರೆ ಮನೆ ಇರಲಿಲ್ಲ, ಹೋಯಿತು. ನಮ್ಮ ಪಠ್ಯದಲ್ಲಿ ಪ್ರಿವೆನ್ಶನ್ ಅಂದರೆ ಹತ್ತು ಪಾಯಿಂಟು ಬರೆಸುತ್ತೇವೆ: ಸ್ವಚ್ಛತೆ ಕಾಪಾಡಿ, ಪೌಷ್ಟಿಕ ಆಹಾರ ತಿನ್ನಿ, ಇತ್ಯಾದಿ. ಯಾವ ರೋಗಕ್ಕೂ ಹೊಂದುವ ಹತ್ತು ಪಾಯಿಂಟು. ಈ ರೋಗಕ್ಕೆ ಕತ್ತರಿ ಎಲ್ಲಿ ಹಾಕಬೇಕು ಅಂತ ಕೇಳುವ ಅಭ್ಯಾಸವನ್ನೇ ನಾವು ಕಲಿಸುವುದಿಲ್ಲ.

ಹುಳಕ್ಕೆ ಬೇರೆ ಮನೆ ಇರಲಿಲ್ಲ ಅಂದೆನಲ್ಲ, ಅದು ನಮ್ಮಲ್ಲಿ. ಜಗತ್ತಿನ ಲೆಕ್ಕ 1986ರಲ್ಲಿ ಸುಮಾರು 35 ಲಕ್ಷ ಇತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದನ್ನು ತಲೆಯ ಮೇಲೆ ಹೊತ್ತುಕೊಂಡು ಆಫ್ರಿಕಾ ಸುತ್ತಿದರು. 2015ರಲ್ಲಿ ಅವರಿಗೆ ಕ್ಯಾನ್ಸರ್ ಆದಾಗ, ಕೊನೆಯ ಗಿನಿ ಹುಳ ನನಗಿಂತ ಮೊದಲು ಸಾಯಲಿ ಅನ್ನೋ ಆಸೆ ಹೇಳಿಕೊಂಡಿದ್ದರು. 2024ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿಸಿ ತೀರಿಕೊಂಡರು, ಹುಳ ಇನ್ನೂ ಇತ್ತು. 2023ರಲ್ಲಿ ಇಡೀ ಜಗತ್ತಿನಲ್ಲಿ ಮನುಷ್ಯರಲ್ಲಿ ಕಂಡದ್ದು 14 ಪ್ರಕರಣ. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ ಅದು ನಾಯಿಗಳಲ್ಲಿ ಸೇರಿಕೊಂಡಿದೆ, ನೂರುಗಟ್ಟಲೆ. ನಾಯಿಗೆ ನೀರಲ್ಲಿ ಕಾಲಿಡಬೇಡ ಅಂತ ಯಾರು ಹೇಳೋದು? ಅಲ್ಲಿಯವರು ರೋಗ ಬಂದ ನಾಯಿಗಳನ್ನು ಕಟ್ಟಿಹಾಕುತ್ತಿದ್ದಾರೆ. ಆ ಸುದ್ದಿ ಓದಿದಾಗ, ಹೆಚ್ಚುಕಡಿಮೆ ತೊಂಬತ್ತು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ನಾಯಿಗಳಿಗೆ ಹುಳ ಹತ್ತಿಸಿ ನೋಡಿದ್ದ ಮೂರ್ತಿಯವರ ನೆನಪಾಗದೆ ಇರಲಿಲ್ಲ.

ಇತ್ತ ನಮ್ಮಲ್ಲಿ ಬಾವಡಿಗಳಿಗೆ ಮತ್ತೆ ಒಳ್ಳೆ ಕಾಲ ಬಂದಿದೆ. ಎಷ್ಟೋ ವರ್ಷ ಕಸ ತುಂಬಿ, ಗಣಪತಿ ಬಿಟ್ಟು ಬಿಟ್ಟು ಕೊಳೆತಿದ್ದ ತಾಜ್ ಬಾವಡಿಯ ಹೂಳನ್ನು 2010ರ ದಶಕದಲ್ಲಿ ತೆಗೆಸಿದರು. ಬಹಳ ಒಳ್ಳೆಯ ಕೆಲಸ, ಹೋಗಿ ನೋಡಿ ಕಣ್ಣು ತುಂಬಿಕೊಂಡಿದ್ದೇನೆ. ಹಳ್ಳಿಗಳಲ್ಲೂ ಮುಚ್ಚಿದ ಪಾವಟಿಗೆ ಬಾವಿಗಳನ್ನು ಬಿಡಿಸಿ ಮೊದಲಿನ ಹಾಗೆ ಮಾಡಿ ಅನ್ನುವವರು ಹೆಚ್ಚಾಗಿದ್ದಾರೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅವರ ಲೇಖನಗಳಲ್ಲಿ ಒಂದು ಸಾಲು ಬರುತ್ತದೆ, ಅಜ್ಞಾನದಿಂದ ಜನ ಈ ಬಾವಿಗಳನ್ನು ಮುಚ್ಚಿದರು ಅಂತ. ಅದು ಓದಿದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಕೆಲವನ್ನು ಅಜ್ಞಾನದಿಂದಲೇ ಮುಚ್ಚಿರಬಹುದು. ಕೆಲವನ್ನು ಮುಚ್ಚಿದ್ದು ತುಂಬಾ ತಿಳಿದು, ಲೆಕ್ಕ ಹಾಕಿ, ಊರವರ ಕೈಕಾಲು ಹಿಡಿದು ಒಪ್ಪಿಸಿ. ಬಾವಿಯ ಮುಂದೆ ಕಟ್ಟಿಸಿದವರ ಕಲ್ಲಿರುತ್ತದೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಕಲ್ಲು ಹಾಕಿಸಿ, ಯಾವ ವರ್ಷ ಯಾಕೆ ಮುಚ್ಚಿದರು ಅಂತ ಬರೆಸಲು ಎಷ್ಟು ಖರ್ಚಾದೀತು?

ಕೊನೆಗೆ ಒಂದು ಕೆಲಸ ಹಚ್ಚುತ್ತೇನೆ, ಬೇಜಾರಾಗಬೇಡಿ. ಚಿತ್ರದುರ್ಗ, ರಾಯಚೂರು, ಕಲಬುರಗಿ, ಬಳ್ಳಾರಿ, ಆಚೆ ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯ ಬ್ಲಾಗಿಗರು ಯಾರಾದರೂ ಓದುತ್ತಿದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ನಿಮ್ಮ ಕಡೆ ಇದಕ್ಕೆ ಏನಂತ ಕರೆಯುತ್ತಿದ್ದರು, ಹುಳ ಸುತ್ತಲು ಏನು ಬಳಸುತ್ತಿದ್ದರು, ಬೇವಿನ ಕಡ್ಡಿಯೋ, ಜೋಳದ ದಂಟಿನ ಸಿಬರೋ? ಮೇಲೆ ಏನು ಹಚ್ಚುತ್ತಿದ್ದರು? ಊರ ಬಾವಿಯ ಪಾವಟಿಗೆ ಯಾವಾಗ ಮುಚ್ಚಿದರು, ಆಗ ಜಗಳ ಆಯಿತಾ? ಎಪ್ಪತ್ತು ದಾಟಿದವರಿಗೆ ಮಾತ್ರ ಇದು ಗೊತ್ತಿರುತ್ತದೆ. ಕೇಳಿ ಬರೆದುಕೊಳ್ಳಿ, ನಿಮ್ಮ ಬ್ಲಾಗಿನಲ್ಲಾದರೂ ಸರಿ.